ಹಗ್ಗಕ್ಕೆ ಒರಗಿದ ಅಲಿ

ಬಸ್ಸು ಕಟಪಾಡಿ ದಾಟುವಾಗ ಶೇಖರ ಕಿಸೆಯೊಳಗಿನ ಮಾರಿಗುಡಿಯ ಪ್ರಸಾದವನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡ. ಅಮ್ಮಾ, ನನ್ನ ಗೆಳೆಯನ ಬಾಯಿಗೆ ಮಾತು ಕೊಡು ಎಂದು ಕಾಪುವಿನಲ್ಲಿ ಕೈಮುಗಿದು ಮಣಿಪಾಲಕ್ಕೆ ಹೊರಟಿದ್ದ.

ಆಸ್ಪತ್ರೆಯಲ್ಲಿ ಮಲಗಿದ್ದವನು ರಾಮದಾಸ. ಶೇಖರನ ಹಾಗೆಯೇ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಮಾತಿನಿಂದ ಯುದ್ಧ ಮಾಡುವವನು. ಪಾರ್ಶ್ವವಾಯು ಬಡಿದು ಬಲಗೈಯ ಜೊತೆಗೆ ಆ ಮಾತನ್ನೂ ಕೊಂಡೊಯ್ದಿತ್ತು.

ಇಬ್ಬರಿಗೂ ಬಾಕ್ಸಿಂಗಿನ ಹುಚ್ಚು. ತಾಳಮದ್ದಳೆಯ ಕೂಟವಿಲ್ಲದ ಸಂಜೆ ಲೂಯಿಸನ ಹೋಟೆಲಿನಲ್ಲಿ ಕುಳಿತು, ಬೇರೆ ಬೇರೆ ಕಾಲದ ಚಾಂಪಿಯನ್ನರನ್ನು ಒಂದೇ ಕಣಕ್ಕೆ ಇಳಿಸುತ್ತಿದ್ದರು. ರಾಮದಾಸ ಮುಹಮ್ಮದ್ ಅಲಿ, ಶೇಖರ ಮೈಕ್ ಟೈಸನ್. ಮನೆಮಾತು ತುಳುವಾದರೂ ಈ ಜಗಳ ಮಾತ್ರ ಕೂಟದ ಕನ್ನಡದಲ್ಲೇ.

“ಎಲೈ ಟೈಸನ್ನೇ, ನಿನ್ನ ಮುಷ್ಟಿ ಬರುವ ದಾರಿಯಲ್ಲಿ ನಾನಿದ್ದರೆ ತಾನೇ?”

“ಕುಣಿಯಲು ಸಮಯ ಕೊಟ್ಟವರ ಹತ್ತಿರ ಕುಣಿ ಮಾರಾಯ! ನನ್ನೆದುರು ಗಂಟೆಯ ಸದ್ದು ನಿಲ್ಲುವ ಮೊದಲೇ ನೀನು ನೆಲದಲ್ಲಿ.”

ಆಗ ರಾಮದಾಸ ತನ್ನ ಪ್ರೀತಿಯ ಕಥೆ ತೆಗೆಯುತ್ತಿದ್ದ. ಅಲಿ ಬೇಕೆಂದೇ ಕಣದ ಸುತ್ತಲಿನ ಹಗ್ಗಕ್ಕೆ ಒರಗಿ ನಿಂತು, ಏಟು ತಿಂದೂ ತಿಂದೂ ಎದುರಾಳಿ ಫೋರ್ಮನ್‌ನನ್ನು ದಣಿಸಿ ಕೆಡವಿದ ಕಥೆ.

“ಇವತ್ತಾದರೂ ಒಬ್ಬರು ಸೋಲಿ ಮಾರಾಯ್ರೆ, ನನಗೆ ಬಾಗಿಲು ಹಾಕ್ಲಿಕ್ಕೆ ಉಂಟು” ಎಂದು ಲೂಯಿಸ್ ಬೈಯುತ್ತಿದ್ದ. ಯಾರೂ ಸೋತದ್ದಿಲ್ಲ. ಕನಿಕರಪಟ್ಟು ವಾದ ಬಿಟ್ಟುಕೊಡುವುದೆಂದರೆ ರಾಮದಾಸನಿಗೆ ಮುಖಕ್ಕೆ ಉಗುಳಿದ ಹಾಗೆ. ಹಾಗೆ ಬಿಟ್ಟುಕೊಟ್ಟ ಒಬ್ಬರ ಎದುರು ಅವನು ಮತ್ತೆ ಕೂಟದಲ್ಲಿ ಕುಳಿತೇ ಇರಲಿಲ್ಲ.

ವಾರ್ಡಿನ ಬಾಗಿಲಲ್ಲಿ ರಾಮದಾಸನ ಹೆಂಡತಿ ಮನೋರಮಾ ಕಾಯುತ್ತಿದ್ದಳು.

“ಹೇಳಿದ್ದೆಲ್ಲ ತಿಳೀತದೆ ಶೇಖರಣ್ಣ. ಬಾಯಿ ತೆರೆಯುವ ಪ್ರಯತ್ನವೇ ಇಲ್ಲ. ಹೀಗೇ ಬಿಟ್ಟರೆ ಮಾತು ಬರ್ಲಿಕ್ಕಿಲ್ಲ ಅಂತಾರೆ ಡಾಕ್ಟರು. ನಿಮ್ಮ ಆ ಬಾಕ್ಸಿಂಗ್ ಜಗಳ ತೆಗೆಯಿರಿ.”

ಒಳಗೆ ರಾಮದಾಸನ ಒಂದು ಕಡೆಗೆ ವಾಲಿದ ತುಟಿಯನ್ನು ಕಂಡದ್ದೇ ಶೇಖರನ ಧೈರ್ಯ ಕರಗಿತು. ಈ ಮುಖಕ್ಕೆ ಹೊಡೆಯುವುದು ಹೇಗೆ?

“ಯೋಚಿಸಿ ನೋಡಿದೆ ರಾಮದಾಸ. ಗೆಲ್ಲುವುದು ಅಲಿಯೇ. ಟೈಸನ್‌ನಿಂದ ಆಗ್ಲಿಕ್ಕಿಲ್ಲ.”

ರಾಮದಾಸ ಒಂದು ಗಳಿಗೆ ಅವನನ್ನೇ ನೋಡಿದ. ಮತ್ತೆ ಮೆಲ್ಲನೆ ಗೋಡೆಯ ಕಡೆಗೆ ಮುಖ ತಿರುಗಿಸಿದ.

ತಾನು ವಾದ ಬಿಟ್ಟುಕೊಟ್ಟದ್ದು ಶೇಖರನಿಗೆ ಹೊಳೆಯಿತು. ಎಂತ ಮಾಡಿಬಿಟ್ಟೆ! ಪ್ರಸಾದವನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಅಮ್ಮಾ, ತಪ್ಪಾದರೆ ಹೊಟ್ಟೆಗೆ ಹಾಕಿಕೋ ಎಂದು, ಕೂಟದ ಧ್ವನಿಯನ್ನೇ ಎತ್ತಿದ.

“ಎಲೈ ಅಲಿ! ಎಲ್ಲಿ ಹೋಯಿತು ನಿನ್ನ ಕುಣಿತ? ಹಗ್ಗಕ್ಕೆ ಒರಗಿಬಿಟ್ಟೆಯಲ್ಲ! ಒರಗಿದವನನ್ನು ಕೆಡವುವುದಕ್ಕೆ ಟೈಸನ್ನೇ ಬರಬೇಕೇ? ಲೂಯಿಸನ ಹೋಟೆಲಿನ ಬೆಕ್ಕು ಸಾಕು!”

“ಅಯ್ಯೋ, ಎಂತ ಮಾತು ಇದು!” ಮನೋರಮಾ ಶೇಖರನ ತೋಳು ಹಿಡಿದೆಳೆದಳು. ನರ್ಸ್ ಓಡಿ ಬಂದಳು. ರಾಮದಾಸನ ಮುಖ ಕೆಂಪೇರಿ ಕುತ್ತಿಗೆಯ ನರ ಉಬ್ಬಿತ್ತು. ಕೊಂದೇಬಿಟ್ಟೆನೇ ಎಂದು ಶೇಖರ ಮಂಚದತ್ತ ಬಾಗಿದ.

“ಹ... ಹಗ್ಗ...”

ರಾಮದಾಸನ ತುಟಿ ಮತ್ತೆ ಮತ್ತೆ ತಿರುಚಿಕೊಂಡಿತು.

“ಹಗ್ಗ... ನನ್ನ... ಉ... ಉಪಾಯ.”

ಮನೋರಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈಗ ಟೈಸನ್ ಉತ್ತರ ಕೊಡಬೇಕು. ಶೇಖರ ಇನ್ನೂ ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ರಾಮದಾಸನ ಎಡಗೈ ಆಗಲೇ ಮಂಚದ ಕಂಬಿಯ ಮೇಲೆ ತಾಳ ಹಾಕತೊಡಗಿತ್ತು, ಹೇಳು, ಬೇಗ ಹೇಳು ಎನ್ನುವ ಹಾಗೆ.