ಒಂದು ಗೇಣು ಬಿಟ್ಟು

ಹಗ್ಗ ದಾಟಿ ಒಳಗೆ ಕಾಲಿಟ್ಟಾಗ ತಾನೇ ಕಳ್ಳನೇನೋ ಅನ್ನಿಸಿ ಮಾಲಿಗೆ ಇನ್ನಷ್ಟು ಸಿಟ್ಟು ಬಂತು. ಹತ್ತೊಂಬತ್ತು ವರ್ಷ ಅವನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ ಹುಲ್ಲುಹಾಸು ಇದ್ದ ಜಾಗ ಅದು. ಯಾರಾದರೂ ಚಪ್ಪಲಿ ಊರಿದರೆ ಸಾಕು, ಇಡೀ ಪಾರ್ಕು ತಿರುಗಿ ನೋಡುವಂತೆ ಸೀಟಿ ಊದುತ್ತಿದ್ದ. ಈಗ ಅಲ್ಲಿಗೆ ಹಗ್ಗ ಕಟ್ಟಿ, ‘ಹುಲ್ಲುಗಾವಲು ಬೆಳೆಯುತ್ತಿದೆ, ಒಳಗೆ ಬರಬೇಡಿ’ ಎಂದು ಬೋರ್ಡು ನೆಟ್ಟಿದ್ದರು. ನೆಡಿಸಿದವಳು ಬೇರೆ ಯಾರೂ ಅಲ್ಲ, ಹೆಂಡತಿಯ ತಂಗಿ. ಅವನೇ ಪಾರ್ಕಿನ ಸಾಹೇಬರ ಕೈಕಾಲು ಹಿಡಿದು ಕೆಲಸಕ್ಕೆ ಸೇರಿಸಿ, ಪೈಪು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಹೇಳಿಕೊಟ್ಟವಳು.

ಆರು ತಿಂಗಳ ತರಬೇತಿ ಮುಗಿಸಿ ಬಂದವಳೇ ಹುಲ್ಲುಹಾಸನ್ನು ಕೀಳಿಸಿ, ಈ ನೆಲದ್ದೇ ಹುಲ್ಲು, ಹೂಗಳ ಬೀಜ ಚೆಲ್ಲಿಸಿದಳು. ಇಷ್ಟು ವರ್ಷ ಮಾಲಿಯ ಮುಖವನ್ನೂ ಸರಿಯಾಗಿ ನೋಡದ ಸಾಹೇಬರು ಅವಳನ್ನು ‘ಮೇಡಂ’ ಎಂದು ಕರೆಯತೊಡಗಿದರು. ಮನೆಯಲ್ಲಿ ಊಟಕ್ಕೆ ಕೂತರೆ ಹೆಂಡತಿಯ ಬಾಯಲ್ಲೂ ತಂಗಿಯದೇ ಪುರಾಣ. ತನ್ನದು ಬರೀ ಹೊಟ್ಟೆಕಿಚ್ಚು ಎಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ಕಡಿಮೆಯಾಗಲಿಲ್ಲ.

ಮೂರು ತಿಂಗಳಾದರೂ ಅಲ್ಲಿ ಬೆಳೆದದ್ದೇನು? ಸೊಂಟದೆತ್ತರದ ಕಳೆ. ಇದನ್ನು ನೋಡಲು ಜನ ಬೇರೆ ನಿಲ್ಲುತ್ತಿದ್ದರು. ಅವಳು ಮೀಟಿಂಗಿಗೆ ಹೋದದ್ದೇ ತಡ, ಅವನು ಹುಲ್ಲು ಕತ್ತರಿಸುವ ಯಂತ್ರವನ್ನು ಹೆಗಲಿಗೇರಿಸಿದ. ಎಲ್ಲವನ್ನೂ ಹಾಳುಗೆಡವಿ, ಅವಳು ಸಾಹೇಬರೆದುರು ತಲೆ ತಗ್ಗಿಸುವುದನ್ನು ಕಣ್ಣಾರೆ ನೋಡಬೇಕಿತ್ತು. ಮಧ್ಯಾಹ್ನದೊಳಗೆ ಈ ತುದಿಯಿಂದ ಆ ತುದಿವರೆಗೆ ಸವರಿ ಹಾಕಿದ.

ಅವಳು ಬಂದಳು. ಕೂಗಾಡಲಿಲ್ಲ. ಮೊಣಕಾಲೂರಿ ಕೂತು, ಕತ್ತರಿಸಿ ಬಿದ್ದ ಕಳೆಯನ್ನು ಎರಡೂ ಕೈಯಿಂದ ಸರಿಸಿದಳು. ಕೂಳೆಯ ನಡುವೆ ಉಗುರಿನಷ್ಟಗಲದ ಎಲೆಗಳು ನೂರಾರು ಕಂಡವು. ಕಳೆಯ ನೆರಳಿನಲ್ಲಿ ಬಿಳಿಚಿಕೊಂಡಿದ್ದರೂ ಒಂದರ ತಲೆಯೂ ಹೋಗಿರಲಿಲ್ಲ.

“ಭಾವ, ನೆಲದಿಂದ ಎಷ್ಟು ಬಿಟ್ಟು ಹೊಡೆದ್ರಿ?”

“ಒಂದು ಗೇಣು.”

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮೊದಲ ವರ್ಷ ಕಳೆ ಬೀಜ ಕಟ್ಟುವ ಮೊದಲೇ ಹೀಗೆ ಮೇಲೆ ಮೇಲೆ ಸವರದಿದ್ದರೆ ಬಿತ್ತಿದ ಬೀಜದ ಸಸಿಗಳು ಬಿಸಿಲು ಕಾಣದೆ ಸಾಯುತ್ತವಂತೆ. ಈ ವಾರವೇ ಆಗಬೇಕಿತ್ತಂತೆ. ಇಷ್ಟು ಹದವಾಗಿ ಯಂತ್ರ ಹಿಡಿಯುವ ಕೈ ಇಲ್ಲಿ ಒಂದೇ.

“ನಿಮ್ಮ ಹುಲ್ಲು ಕೀಳಿಸಿದವಳು ನಾನು. ಯಾವ ಮುಖ ಇಟ್ಕೊಂಡು ನಿಮ್ಮನ್ನ ಕೇಳ್ಲಿ ಅಂತ ದಿನ ತಳ್ತಿದ್ದೆ.”

ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವಳಿಗೆ ಉಪಕಾರ ಮಾಡಿದವನು ಅನ್ನಿಸಿಕೊಳ್ಳುವುದು ಅವನಿಗೆ ಬೇಕಿರಲಿಲ್ಲ.

“ನಿಂಗೆ ಒಳ್ಳೇದಾಗ್ಲಿ ಅಂತ ಹೊಡೀಲಿಲ್ಲ. ಹಾಳಾಗ್ಲಿ ಅಂತಲೇ ಹೊಡೆದೆ.”

ಅವಳು ಒಂದು ಕೂಳೆಯ ಪಕ್ಕ ಗೇಣಿಟ್ಟು ನೋಡಿದಳು. “ಮತ್ತೆ ಬುಡಕ್ಕೇ ಹೊಡೀಬೇಕಿತ್ತು.”

“ಎತ್ತರ ಬೆಳೆದ ಹುಲ್ಲನ್ನ ಮೊದಲ ಸಲಕ್ಕೇ ಬುಡಕ್ಕೆ ಹೊಡೀತಾರಾ ಯಾರಾದ್ರೂ? ಇಷ್ಟೂ ಹೇಳಿಕೊಟ್ಟಿಲ್ವಾ ನಿಂಗೆ?” ಎಂದು ಅವನು ರೇಗಿದ.

ಅವಳಿಗೆ ನಗು ಬಂತೋ ಅಳು ಬಂತೋ, ಮುಖ ತಿರುಗಿಸಿ ಮತ್ತೆ ಕಳೆ ಸರಿಸತೊಡಗಿದಳು. ಅವನು ಮಾತ್ರ ನಿಂತಲ್ಲೇ ನಿಂತಿದ್ದ. ಕಾಲು ಎತ್ತಿ ಎಲ್ಲಿಡಬೇಕೆಂದು ತಿಳಿಯಲಿಲ್ಲ, ಎಲ್ಲಿ ನೋಡಿದರೂ ಪುಟ್ಟ ಎಲೆಗಳು.

ಆಗಲೇ ಆ ತುದಿಯಲ್ಲಿ ಗಂಡ ಹೆಂಡತಿ ಇಬ್ಬರು, ಹುಲ್ಲು ಕತ್ತರಿಸಿದ್ದಾರೆ, ಇನ್ನೇನು ತೊಂದರೆ ಎಂಬಂತೆ ಹಗ್ಗ ಎತ್ತಿ ಫೋಟೊ ತೆಗೆಯಲು ಒಳಗೆ ಬಂದರು. ಮಾಲಿಯ ಕೈ ತಾನಾಗಿಯೇ ಜೇಬಿಗೆ ಹೋಯಿತು. ಮೂರು ತಿಂಗಳಿಂದ ಅಲ್ಲೇ ಬಿದ್ದಿದ್ದ ಸೀಟಿಯಲ್ಲಿ ಧೂಳು ತುಂಬಿತ್ತು. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ಊದಿದಾಗ ಇಡೀ ಪಾರ್ಕು ತಿರುಗಿ ನೋಡಿತು.