ಪ್ರಾಗಿನಲ್ಲಿ ಮಂಚಯ್ಯನ ಎಡೆ

ಮಾರ್ಲಾಮಿ ಅಮಾವಾಸ್ಯೆಯ ದಿನ ಸತ್ತ ಹಿರಿಯರು ಮನೆಗೆ ಬರುತ್ತಾರೆ. ಹೇಮಾವತಿಯ ದಂಡೆಯ ಅಕ್ಕಿಹೆಬ್ಬಾಳಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮುದ್ದೆ, ಕೋಳಿ ಸಾರು, ಕಜ್ಜಾಯ, ಹೊಸ ಪಂಚೆ, ಬೀಡಿ ಸೇದುತ್ತಿದ್ದವನಿಗೆ ಬೀಡಿ, ಕುಡಿಯುತ್ತಿದ್ದವನಿಗೆ ಒಂದು ಲೋಟ. ಬದುಕಿದ್ದಾಗ ಯಾರಿಗೆ ಏನು ಇಷ್ಟವೋ ಅದನ್ನೆಲ್ಲ ಎಡೆಯಲ್ಲಿಟ್ಟು, ಸಾಂಬ್ರಾಣಿ ಹಾಕಿ, ಮನೆಯವರೆಲ್ಲ ಆಚೆಗೆ ಬಂದು ಬಾಗಿಲು ಎಳೆದುಕೊಂಡು ಸುಮ್ಮನೆ ನಿಲ್ಲುತ್ತಾರೆ. ಒಳಗೆ ಹಿರಿಯರು ಉಣ್ಣುತ್ತಾರೆ. ಆಮೇಲೆ ಬಾಗಿಲು ತೆಗೆದರೆ, ಅಲ್ಲಿರುವುದೆಲ್ಲ ಪ್ರಸಾದ.

ಈ ವರ್ಷ ಮಾರ್ಲಾಮಿಯ ಸಂಜೆ ಜಯಲಕ್ಷ್ಮಮ್ಮ ಅಕ್ಕಿಹೆಬ್ಬಾಳಿನಲ್ಲಿರಲಿಲ್ಲ. ಪ್ರಾಗ್ ಎಂಬ ಪರದೇಶದ ಊರಿನಲ್ಲಿ, ಕಲ್ಲು ಹಾಸಿದ ಚೌಕದ ನಡುವೆ, ಸೀರೆಯ ಮೇಲೆ ವಾರಗಿತ್ತಿಯ ಸ್ವೆಟರು ಹಾಕಿಕೊಂಡು, ಹಳದಿ ಛತ್ರಿ ಹಿಡಿದ ಒಬ್ಬಳು ಹುಡುಗಿಯ ಹಿಂದೆ ನಿಂತಿದ್ದಳು.

ಮೈದುನ ಸಿದ್ದರಾಮುವಿಗೆ ಪಾಂಡವಪುರದಲ್ಲಿ ಗೊಬ್ಬರದ ಅಂಗಡಿ. ಹೆಚ್ಚು ಮೂಟೆ ಮಾರಿದ ಡೀಲರುಗಳನ್ನು ಕಂಪನಿಯವರು ಯೂರೋಪು ತೋರಿಸಲು ಕರೆತಂದಿದ್ದರು. ಹೆಂಡತಿ ಸುಮಳ ಜೊತೆಗೆ ಅತ್ತಿಗೆಯನ್ನೂ ಅವನು ಹೊರಡಿಸಿದ್ದ. ಎಡೆ ಇಡುವ ದಿನ ಊರಿನಲ್ಲಿರುವುದಿಲ್ಲವಲ್ಲ ಎಂದು ಬೀದಿಯವರು ಬಾಯಿ ಬಿಡುವ ಮೊದಲೇ ಜಯಲಕ್ಷ್ಮಮ್ಮ ಹೂಂ ಅಂದುಬಿಟ್ಟಿದ್ದಳು. ಅದೇಕೆಂದು ದೇವರ ಮುಂದೆ ಬಿಟ್ಟರೆ ಯಾರ ಮುಂದೆಯೂ ಹೇಳಿರಲಿಲ್ಲ. ಒಂದು ವರ್ಷವಾದರೂ ಆ ಲೋಟವನ್ನು ತನ್ನ ಕೈಯಾರೆ ಇಡುವುದು ತಪ್ಪಲಿ ಎಂಬುದಷ್ಟೇ ಅವಳ ಆಸೆ.

ಲೋಟ ಅವಳ ಗಂಡ ಮಂಚಯ್ಯನದು. ಅದಕ್ಕೂ ಮೊದಲು ಮಾವನದು. ಅವಳು ಮದುವೆಯಾಗಿ ಬಂದ ವರ್ಷ, ಹಿರಿಸೊಸೆಯ ಕೈಯಿಂದಲೇ ಆಗಬೇಕೆಂದು, ಸತ್ತ ಮಾವನ ಎಡೆಗೆ ಬ್ರಾಂದಿಯ ಲೋಟವನ್ನು ಅವಳಿಂದ ಇಡಿಸಿದ್ದರು. ಬಾಗಿಲು ತೆಗೆದ ಮೇಲೆ ಅದನ್ನು ಪ್ರಸಾದವೆಂದು ಹಿರಿಮಗ ಮಂಚಯ್ಯನಿಗೆ ಕುಡಿಸಿದರು. ಅಲ್ಲಿಯವರೆಗೆ ಮೂಸಿಯೂ ನೋಡದಿದ್ದ ಮನುಷ್ಯ. ಮುಂದಿನ ಇಪ್ಪತ್ತೈದು ವರ್ಷ ಅವನಿಗೆ ದಿನಾ ಮಾರ್ಲಾಮಿಯೇ ಆಯಿತು. ಕೊನೆಗೆ ಹೊಟ್ಟೆ ಊದಿ, ಕಣ್ಣು ಅರಿಶಿನವಾಗಿ, ಬೂದಿಯಾಗಿ ಶ್ರೀರಂಗಪಟ್ಟಣದ ಸಂಗಮದಲ್ಲಿ ಹರಿದುಹೋದ. ಅದಾಗಿ ಆರು ವರ್ಷ. ಆರು ವರ್ಷವೂ ಅವನ ಲೋಟವನ್ನು ಅವಳೇ ಇಟ್ಟಳು. ಪ್ರಸಾದವನ್ನು ಸಿದ್ದರಾಮು ಕುಡಿದ.

ಈಗ ಸಿದ್ದರಾಮುವಿನ ಕಣ್ಣೂ ಹಳದಿ. ಆಷಾಢದಲ್ಲಿ ಮೈಸೂರಿನ ಡಾಕ್ಟರೊಬ್ಬರು, ಇನ್ನು ಕುಡಿದರೆ ನನ್ನ ಹತ್ತಿರ ಬರಬೇಡಿ, ನಾನು ಮಾಡುವುದೇನೂ ಉಳಿಯುವುದಿಲ್ಲ ಎಂದಿದ್ದರು. ಹೆದರಿದವನು ಊರಿಗೆ ಬಂದು ಮಾರಮ್ಮನ ಗುಡಿಯ ಹೊಸ್ತಿಲ ಮೇಲೆ ಕೈಯಿಟ್ಟು ಆಣೆ ಮಾಡಿದ. ಅಲ್ಲಿಂದೀಚೆಗೆ ಮುಟ್ಟಿರಲಿಲ್ಲ.

ಅಂಥವನು ಈ ಸಂಜೆ, ಗೈಡಿನ ಹಿಂದೆ ನಾಲ್ಕು ಬಾರು ಸುತ್ತುವ ಗುಂಪಿಗೆ ಮೂವರ ಹೆಸರನ್ನೂ ಬರೆಸಿ ಬಂದಿದ್ದ.

"ಬರೀ ನೋಡಕ್ಕೆ ಕಣತ್ಗೆ," ಅಂದಿದ್ದ. "ಬಾರು ಅಂದ್ರೆ ನಮ್ ಕಡೆ ಬಾರಲ್ಲ. ಇಲ್ಲಿ ಒಂದೊಂದೂ ಗುಡಿ ಇದ್ದಂಗವೆ."

"ಗುಡಿ ನೋಡ್ಬೇಕು ಅಂದ್ರೆ ಗುಡಿಗೋಗಪ್ಪ," ಎಂದಿದ್ದಳು ಜಯಲಕ್ಷ್ಮಮ್ಮ. "ಇದ್ಕೆ ನಾನ್ಯಾಕೆ?"

ಸುಮ ಅವಳನ್ನು ಪಕ್ಕಕ್ಕೆ ಎಳೆದಿದ್ದಳು. "ಬನ್ನಿ ಅಕ್ಕ, ನಿಮ್ ದಮ್ಮಯ್ಯ. ನಾನೊಬ್ಳೇ ತಡ್ಯಕ್ಕಾಗಕಿಲ್ಲ."

ಹಾಗಾಗಿ ಜಯಲಕ್ಷ್ಮಮ್ಮ ಬಂದಳು, ಗದ್ದೆಗೆ ದನ ನುಗ್ಗದಂತೆ ಅಡ್ಡ ನಿಲ್ಲುವವಳ ಹಾಗೆ.

ಮೊದಲನೆಯ ಬಾರು ನೆಲದ ಕೆಳಗಿತ್ತು. ಇಪ್ಪತ್ತು ಜನ ಮೆಟ್ಟಿಲಿಳಿದರು. ಯಾನಾ ಎಂಬ ಆ ಗೈಡು ಹುಡುಗಿ, ಈ ನೆಲಮಾಳಿಗೆಗೆ ಎಷ್ಟೋ ನೂರು ವರ್ಷವಾಯಿತೆಂದು ಕೈಯಾಡಿಸಿಕೊಂಡು ಹೇಳಿದಳು. ಪಾಂಡವಪುರದ ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸುವ ಸುಮ ಅದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದಳು. ಜಯಲಕ್ಷ್ಮಮ್ಮ ತಲೆ ಎತ್ತಿ ಕಲ್ಲಿನ ಕಮಾನುಗಳನ್ನು ನೋಡಿದಳು. ಇಷ್ಟು ತಂಪಾದ, ಇಷ್ಟು ಗಟ್ಟಿಯಾದ ಜಾಗವನ್ನು ಕಟ್ಟಿದವನ ಕೈ ನಿಜಕ್ಕೂ ಗುಡಿ ಕಟ್ಟುವ ಕೈಯೇ ಅನ್ನಿಸಿತು. ಅಂಥ ಜಾಗದಲ್ಲಿ ಆ ವಾಸನೆ. ಅವಳ ಮನೆಯ ಗೋಡೆಗಳು ಇಪ್ಪತ್ತೈದು ವರ್ಷ ಉಸಿರಾಡಿದ ವಾಸನೆ.

ಸಿದ್ದರಾಮು ಮೊದಲು ನಿಂಬೆಹಣ್ಣಿನ ಶರಬತ್ತು ತರಿಸಿಕೊಂಡ. ಎರಡು ಗುಟುಕು ಕುಡಿದು ಹಣೆ ಚಚ್ಚಿಕೊಂಡ.

"ಅಯ್ಯೋ, ಇವತ್ತು ಮಾರ್ಲಾಮಿ ಅಲ್ವಾ!"

ಆಗ ನೆನಪಾದದ್ದೋ, ಊರು ಬಿಡುವ ಮೊದಲೇ ನೆನಪಿದ್ದದ್ದೋ, ಅವನನ್ನು ಕಾಯುವ ಮಾರಮ್ಮನೇ ಬಲ್ಲಳು. ಎದ್ದು ಹೋಗಿ ಒಂದು ಪುಟ್ಟ ಲೋಟದಲ್ಲಿ ಬ್ರಾಂದಿ ತಂದು ಅತ್ತಿಗೆಯ ಮುಂದಿಟ್ಟ.

"ಅಣ್ಣಯ್ಯಂದು. ಇಕ್ಕು ಅತ್ಗೆ."

"ಇಲ್ಲೆಂಥ ಎಡೆಯೋ? ಸಾಂಬ್ರಾಣಿ ಇಲ್ಲ, ಸಗಣಿ ಸಾರ್ಸಿಲ್ಲ."

"ಅಣ್ಣಯ್ಯ ಇವತ್ತು ಊರ್ಗೆ ಬಂದಿರ್ತನೆ. ಬಾಗ್ಲಿಗೆ ಬೀಗ. ಬೀಗ ನೋಡ್ಕಂಡು ಅಂಗೇ ಉಪ್ವಾಸ ಓಗ್ಲಿ ಅಂತೀಯಾ?"

ಈ ಮಾತು ನೇರ ಎದೆಗೆ ಬಿತ್ತು. ಎಷ್ಟೇ ಸುಟ್ಟುಕೊಂಡಿದ್ದರೂ, ಬಾಗಿಲಿಗೆ ಬಂದವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ ಜೀವವಲ್ಲ ಅವಳು. ಬುದ್ಧಿ ಬೇಡವೆನ್ನುವುದರೊಳಗೆ ಕೈ ಲೋಟವನ್ನು ಮುಟ್ಟಿ ಮುಂದಕ್ಕೆ ಸರಿಸಿತು, ಕಣ್ಣು ಮುಚ್ಚಿತು. ಕಣ್ಣು ತೆರೆದಾಗ ಸಿದ್ದರಾಮು ತುಟಿ ಒರೆಸಿಕೊಳ್ಳುತ್ತಿದ್ದ.

"ರೀ! ಆಣೆ ಮಾಡಿದ್ರಿ!" ಎಂದಳು ಸುಮ.

"ಕುಡ್ಯಾಕಿಲ್ಲ ಅಂತ ಆಣೆ ಮಾಡಿದ್ದು ಕಣೆ. ಇದು ಪ್ರಸಾದ. ಪ್ರಸಾದ ಬ್ಯಾಡ ಅಂದ್ರೆ ಮಾರಮ್ಮ ಮೆಚ್ತಾಳಾ?"

ಜಯಲಕ್ಷ್ಮಮ್ಮನಿಗೆ ತನ್ನ ಕೈಯನ್ನು ನೋಡಿಯೇ ಸಿಟ್ಟು ಬಂತು. ಸೆರಗಿನಲ್ಲಿ ಉಜ್ಜಿದಳು. ಮತ್ತೆ ಉಜ್ಜಿದಳು. ಗಂಡನಿಗೆ ಮೊದಲ ಲೋಟ ಇಟ್ಟ ಕೈ, ಅವನ ತಮ್ಮನಿಗೂ ಇಡುತ್ತಿದೆ. ಸಿಟ್ಟು ಸತ್ತವನ ಮೇಲೂ ಹೋಯಿತು. ತಾನು ಹೋದ ದಾರಿಯನ್ನು ಮುಚ್ಚಿ ಹೋಗಬಾರದಿತ್ತೇ ಈ ಮನುಷ್ಯ?

ಇವರ ಗಲಾಟೆ ಕಂಡು ಯಾನಾ ಬಂದು ವಿಚಾರಿಸಿದಳು. ಸುಮ ಎರಡು ಮಾತಿನಲ್ಲಿ ಹೇಳಿ ಮುಗಿಸಿದಳು: ಇವರ ಅಣ್ಣ ಮಂಚಯ್ಯ ತೀರಿಹೋಗಿದ್ದಾರೆ, ಇವತ್ತು ಅವರಿಗೆ ಉಣ್ಣಲು ಇಡುವ ದಿನ, ಇಟ್ಟು ಬಾಗಿಲು ಹಾಕಿ ಆಚೆ ಬರುತ್ತೇವೆ. ಹುಡುಗಿಯ ಕಣ್ಣರಳಿತು. ಎದೆಯ ಮೇಲೆ ಕೈಯಿಟ್ಟುಕೊಂಡಳು. ಅಲ್ಲಿಗೆ ಮುಗಿಯಿತೆಂದು ಸುಮ ತಿಳಿದಳು.

ಎರಡನೆಯ ಬಾರು ನದಿಯ ಪಕ್ಕ, ಬೀದಿಗೆ ದೊಡ್ಡ ಕಿಟಕಿಯಿದ್ದ ಮನೆ. ಯಾನಾ ಬೆಂಚಿನ ಮೇಲೆ ಹತ್ತಿ ಗುಂಪಿಗೆ ಏನೋ ಹೇಳಿದಳು. ಇಪ್ಪತ್ತು ಜನ ತಂತಮ್ಮ ಲೋಟ ಎತ್ತಿ ಒಟ್ಟಿಗೆ ಕೂಗಿದರು: "ಮಂಚಯ್ಯ!"

ಜಯಲಕ್ಷ್ಮಮ್ಮ ಬೆಚ್ಚಿಬಿದ್ದಳು. ಗಂಡನ ಹೆಸರನ್ನು ಅವಳು ಮದುವೆಯಾದಂದಿನಿಂದ ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಪಕ್ಕದವರಿಂದ ಹೇಳಿಸಿದವಳು. ಆ ಹೆಸರನ್ನು ಇಲ್ಲಿ ಮುಖ ಕೆಂಪಾದ ಗಂಡಸರು, ತೋಳಿಲ್ಲದ ಅಂಗಿ ತೊಟ್ಟ ಹೆಂಗಸರು ನಗುನಗುತ್ತ ಕೂಗುತ್ತಿದ್ದರು.

"ನೋಡತ್ಗೆ! ಊರಲ್ಲಿ ಅಣ್ಣಯ್ಯನ್ನ ಕುಡುಕ ಅಂತಿದ್ರು. ಇಲ್ಲಿ ಎಂಥಾ ಮರ್ವಾದೆ ನೋಡು!" ಸಿದ್ದರಾಮುವಿನ ಎದೆ ಉಬ್ಬಿತ್ತು. ಹೊಸ ಲೋಟವನ್ನು ಅವನೇ ಮೇಜಿನ ಮೇಲಿಟ್ಟ. "ಎಲ್ಲಾ ಆಚೆಗ್ ನಡೀರಿ! ಬಾಗ್ಲು ಮುಚ್ಬೇಕು!"

ಯಾನಾ ಛತ್ರಿ ಎತ್ತಿದಳು. ಇಪ್ಪತ್ತು ಜನವೂ ಸಾಲಾಗಿ ಹೊರಗೆ ಬಂದು, ಮುಚ್ಚಿದ ಬಾಗಿಲ ಮುಂದೆ ಶಾಲೆಯ ಮಕ್ಕಳಂತೆ ಬಾಯಿ ಮುಚ್ಚಿಕೊಂಡು ನಿಂತರು. ಸಿದ್ದರಾಮು ಕೈಮುಗಿದು ಕಣ್ಣು ಮುಚ್ಚಿದ. ಅವನನ್ನು ನೋಡಿ ಉಳಿದವರೂ ಮುಚ್ಚಿದರು.

ಜಯಲಕ್ಷ್ಮಮ್ಮ ಮುಚ್ಚಲಿಲ್ಲ. ಕಿಟಕಿಯಿಂದ ನೋಡುತ್ತಿದ್ದಳು. ಗಡ್ಡದ ಮಾಣಿಯೊಬ್ಬ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಬಂದ. ಗಿರಾಕಿಗಳೆಲ್ಲ ಎದ್ದುಹೋದರೆಂದು ತಿಳಿದು ಮೇಜು ಒರೆಸಿದ. ಬ್ರಾಂದಿಯನ್ನು ಪಕ್ಕದಲ್ಲಿದ್ದ ಎಂಜಲು ತೊಟ್ಟಿಗೆ ಸುರಿದ. ಖಾಲಿ ಲೋಟ ಇಡಲು ಅತ್ತಿತ್ತ ನೋಡುವಷ್ಟರಲ್ಲಿ ಒಳಗಿನಿಂದ ಯಾರೋ ಕರೆದಿರಬೇಕು, ಅದನ್ನು ಅದೇ ಮೇಜಿನ ಮೇಲೆ ಬಿಟ್ಟು ಹೋದ.

ಬಾಗಿಲು ತೆಗೆದರು. ಸಿದ್ದರಾಮು ಮೇಜಿನ ಬಳಿ ಕಲ್ಲಾಗಿ ನಿಂತ.

"ಕುಡ್ದ್‌ಬುಟ್ಟವ್ನೆ," ಎಂದ ಮೆಲ್ಲಗೆ. ಆಮೇಲೆ ಕಿರುಚಿದ. "ಅಣ್ಣಯ್ಯ ಬಂದಿದ್ದ ಕಣೇ ಸುಮಾ! ಆರೊರ್ಸದಲ್ಲಿ ಒಂದ್ ತೊಟ್ಟೂ ಕಮ್ಮಿ ಆಗಿರ್ನಿಲ್ಲ. ಇವತ್ತು ಪೂರ್ತಿ ಕುಡ್ದವ್ನೆ!"

ಸುಮ ಹೇಳದಿದ್ದರೂ ಗುಂಪಿಗೆ ಅರ್ಥವಾಯಿತು. ಕೂಗಾಟ, ಚಪ್ಪಾಳೆ. ಯಾರೋ ಸಿದ್ದರಾಮುವನ್ನು ತಬ್ಬಿಕೊಂಡರು. ಅವನು ಮಗುವಿನಂತೆ ಅಳುತ್ತಿದ್ದ. ಅಣ್ಣನನ್ನು ಅಷ್ಟು ಪ್ರೀತಿಸಿದ್ದವನೇ. ಆ ಅಳು ಸುಳ್ಳಲ್ಲ. ಅಳುವವನ ಮುಂದೆ ಜಯಲಕ್ಷ್ಮಮ್ಮ ತೊಟ್ಟಿಯ ಮಾತು ಹೇಗೆ ಆಡಿಯಾಳು?

ಮೂರನೆಯ ಬಾರಿನ ಕಡೆಗೆ ನಡೆಯುವಾಗ ಅವನೇ ಮಾತು ತೆಗೆದ.

"ಅತ್ಗೆ, ತೀರ್ಮಾನ ಮಾಡ್ಬುಟ್ಟೆ. ವರ್ಸಕ್ಕೊಂದ್ ಸಾಲದು. ಇನ್ಮೇಲೆ ಪ್ರತಿ ಅಮಾಸೆಗೂ ಅಣ್ಣಯ್ಯಂಗೆ ಎಡೆ. ನೀ ಇಕ್ಕು, ನಾ ಪ್ರಸಾದ ತಕ್ಕತೀನಿ. ನಮ್ ಸಿದ್ದಾರ್ಥಂಗೂ ಇಪ್ಪತ್ತೆಲ್ಡು ತುಂಬ್ತು. ಅವ್ನ್ಗೂ ಒಂದ್ ಗುಟ್ಕು ಕೊಡ್ಬೇಕು ಇನ್ಮೇಲೆ. ವಂಶದ್ದು ಅಲ್ವಾ?"

ಸಿದ್ದಾರ್ಥ ಅವನ ಒಬ್ಬನೇ ಮಗ. ಆ ಹೆಸರು ಕಿವಿಗೆ ಬಿದ್ದೊಡನೆ ಸುಮಳ ನಡಿಗೆ ತಡವರಿಸಿದ್ದನ್ನು ಜಯಲಕ್ಷ್ಮಮ್ಮ ನೋಡಿದಳು. ಅವಳ ಒಳಗೆ, ಅಷ್ಟು ವರ್ಷ ಬೂದಿ ಮುಚ್ಚಿಕೊಂಡು ಕೂತಿದ್ದದ್ದು ಎದ್ದು ಕೂತಿತು.

ಮೂರನೆಯ ಬಾರಿನಲ್ಲಿ ಜಾಗ ಕಿರಿದು. ಎಲ್ಲರೂ ಒಂದು ಉದ್ದ ಮೇಜಿನ ಸುತ್ತ ಒತ್ತಿಕೊಂಡು ನಿಂತರು. ಈ ಸಲ ಯಾನಾಳೇ ಲೋಟ ತಂದಳು. ಕಂಠದವರೆಗೆ ತುಂಬಿದ್ದ ಬ್ರಾಂದಿಯನ್ನು ಎರಡೂ ಕೈಯಲ್ಲಿ ಹಿಡಿದು ಜಯಲಕ್ಷ್ಮಮ್ಮನ ಮುಂದಿಟ್ಟು ತಲೆ ಬಾಗಿದಳು. ಎಲ್ಲರೂ ಅವಳ ಮುಖ ನೋಡುತ್ತಿದ್ದರು.

"ಇಕ್ಕತ್ಗೆ," ಎಂದ ಸಿದ್ದರಾಮು.

"ಇಕ್ಕಾಕಿಲ್ಲ."

"ಅಂಗಂದ್ರೆ?"

"ನಿಮ್ಮಣ್ಣ ಕುಡೀಲಿಲ್ಲ ಕಣ್ಲಾ. ಗಡ್ಡದೋನು ತಕ್ಕೊಂಡೋಗಿ ತೊಟ್ಟೀಗ್ ಸುರ್ದ. ಕಿಟ್ಕೀಲಿ ನೋಡ್ದೆ ನಾನು."

ಸಿದ್ದರಾಮುವಿನ ಮುಖ ಕಪ್ಪಾಯಿತು. "ಸುಳ್ಳು! ಅಣ್ಣಯ್ಯನ್ ಕಂಡ್ರೆ ನಿಂಗೆ ಯಾವತ್ತೂ ಆಗ್ತಿರ್ನಿಲ್ಲ. ಸತ್ತ್ ಮ್ಯಾಲೂ ಬುಡಾಕಿಲ್ವಾ?"

"ಯಾರು ಯಾರ್ನ ಬುಡ್ತಿಲ್ಲ? ಆರೊರ್ಸದಿಂದ ಅವರೆಸ್ರು ಏಳ್ಕಂಡು ಕುಡೀತಿರೋನು ನೀನು. ಸತ್ತೋರ್ ಬಾಯಿ ನಿಂಗೆ ಬಾಡ್ಗೆ ಸಿಕ್ಕದೆ!"

"ಅತ್ಗೆ, ಬಾಯಿ ಬಿಗಿ ಇಡ್ಕೊ!"

"ಇಡ್ಕಂಡೇ ಮೂವತ್ತೊರ್ಸ ಆಯ್ತು!"

ಭಾಷೆ ಬಾರದವರಿಗೂ ಸಿಟ್ಟು ಅರ್ಥವಾಗುತ್ತದೆ. ಜಯಲಕ್ಷ್ಮಮ್ಮ ನೆಟ್ಟಗಾದಳು, ಸೆರಗು ಬಿಗಿದಳು. ಊರಿನಲ್ಲಿ ಎಡೆಗೆ ಹಿರಿಯರನ್ನು ಕರೆಯುವಾಗ ನಿಲ್ಲುವಂತೆಯೇ ನಿಂತು, ಆದರೆ ಕೈಮುಗಿಯದೆ, ಕರೆದಳು.

"ಮಂಚಯ್ಯ!"

ಸಿದ್ದರಾಮು ಏಟು ತಿಂದವನಂತೆ ಹಿಂದೆ ಸರಿದ. ಅತ್ತಿಗೆಯ ಬಾಯಲ್ಲಿ ಆ ಹೆಸರನ್ನು ಅವನು ಮೊದಲ ಸಲ ಕೇಳಿದ್ದ.

"ಬಂದಿದ್ರೆ ಕೇಳುಸ್ಕೊ. ಮುದ್ದೆ ಇಕ್ತೀನಿ, ಸಾರು ಇಕ್ತೀನಿ. ಪಂಚೆ ಇಕ್ತೀನಿ. ನಾನಿರೋಗಂಟ ನಿನ್ನ ಉಪ್ವಾಸ ಕಳ್ಸಾಕಿಲ್ಲ. ಆದ್ರೆ ಇದೊಂದು ಇನ್ನು ನನ್ ಕೈಲಿ ನಿಂಗಿಲ್ಲ. ಮೊದ್ಲು ಇಕ್ಕಿದ್ದು ನಾನೇ, ಅದು ನನ್ ಪಾಪ. ಇವತ್ತು ನಿಲ್ಸೋದೂ ನಾನೇ. ನಿನ್ ತಮ್ಮನ್ನ ಕರ್ಕೊಂಡೋಗಕ್ಕೆ ಬಂದಿದ್ರೆ ನನ್ನ ದಾಟ್ಕೊಂಡೋಗು!"

ಲೋಟ ಹಿಡಿದು, ಜನರನ್ನು ಸರಿಸಿಕೊಂಡು ಬಾಗಿಲಿಗೆ ಬಂದಳು. ಬೀದಿಯ ಕಲ್ಲಿನ ಮೇಲೆ ಪೂರಾ ಸುರಿದಳು.

ಬೀದಿದೀಪ ಆಗತಾನೇ ಹತ್ತಿಕೊಳ್ಳುತ್ತಿತ್ತು. ಅವಳ ಹಿಂದೆ ಯಾನಾ ಬಂದಳು. ಇದೂ ಶಾಸ್ತ್ರದ ಮುಂದಿನ ಭಾಗವೆಂದು ತಿಳಿದಳೋ ಏನೋ, ತನ್ನ ಲೋಟದಿಂದಲೂ ಒಂದಿಷ್ಟು ಅದೇ ಕಲ್ಲಿಗೆ ಸುರಿದು "ಮಂಚಯ್ಯ" ಎಂದಳು, ಈ ಸಲ ಮೆತ್ತಗೆ. ಅವಳ ಹಿಂದೆ ಮತ್ತೊಬ್ಬ. ಇನ್ನೊಬ್ಬಳು. ಇಪ್ಪತ್ತು ಜನ ಒಬ್ಬರಾದ ಮೇಲೊಬ್ಬರು ಬಾಗಿಲಿಗೆ ಬಂದು ಬಾಗಿ ಬಾಗಿ ಚೆಲ್ಲಿದರು. ನಗುತ್ತಿದ್ದವರು ಒಬ್ಬರೂ ಇರಲಿಲ್ಲ. ಸಿದ್ದರಾಮು ಒಳಗೆ ಖಾಲಿ ಮೇಜಿನ ಮುಂದೆ ಒಂಟಿಯಾಗಿ ನಿಂತು, ಅಣ್ಣನ ಹೆಸರಿನದೆಲ್ಲ ಚರಂಡಿಗೆ ಹರಿಯುವುದನ್ನು ನೋಡಿದ.

ಹೊರಗೆ ಬಂದವನು ಯಾರ ಕಡೆಗೂ ತಿರುಗಲಿಲ್ಲ. ಹೋಟೆಲಿನ ದಾರಿ ಹಿಡಿದು ದಡದಡ ನಡೆದ. ಹೆಂಗಸರಿಬ್ಬರೂ ಹತ್ತು ಮಾರು ಹಿಂದೆ ನಡೆದರು. ಸುಮ ಅಕ್ಕನ ಮುಂಗೈಯನ್ನು ಬಳೆ ಒತ್ತುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಸೇತುವೆಯ ಮೇಲೆ ಅವನು ಸರಕ್ಕನೆ ನಿಂತು ತಿರುಗಿದ.

"ಊರ್ಗೋದ್ ಮ್ಯಾಲೆ ನಿನ್ ಮನೆ ಹೊಸ್ಲು ತುಳಿಯಾಕಿಲ್ಲ ಅತ್ಗೆ. ಅಣ್ಣಯ್ಯನ್ನ ಬೀದೀಗ್ ಚೆಲ್ದೋಳು ನೀನು. ನನ್ ಪಾಲ್ಗೆ ಸತ್ತೋದೆ."

"ತುಳೀಬ್ಯಾಡ ಕಣ್ಲಾ," ಎಂದಳು ಜಯಲಕ್ಷ್ಮಮ್ಮ. ಅವಳ ದನಿ ಇನ್ನೂ ಉರಿಯುತ್ತಿತ್ತು. "ಬೈಕೊ. ಸಾಯೋಗಂಟ ಬೈಕೊ. ನಿಂಗೆ ಎಡೆ ಇಕ್ಕೋ ದಿನ ಮಾತ್ರ ನಾ ನೋಡ್ಬಾರ್ದು."

ಅವನು ಕಲ್ಲಿನ ಕಟ್ಟೆಗೆ ಒಮ್ಮೆ ಗುದ್ದಿ ಮುಂದೆ ನಡೆದ. ಸಿಟ್ಟಿನಲ್ಲಿ ನಡೆಯುತ್ತಿದ್ದರೂ ಹೆಜ್ಜೆ ಎಲ್ಲೂ ಓಲಾಡಲಿಲ್ಲ. ಸೇತುವೆಯ ಆ ತುದಿಯವರೆಗೂ ಜಯಲಕ್ಷ್ಮಮ್ಮ ಅವನ ಕಾಲನ್ನೇ ನೋಡಿಕೊಂಡು ನಡೆದಳು.