ಐಡರ್‌ಡೌನ್ ಎಂಬ ಊರು

ಪಕ್ಕದ ಮನೆಯ ಡೊರೀನ್ ತಮ್ಮ ಹಳೆಯ ರಜಾಯಿಯನ್ನು ಯಾವಾಗಲೂ ‘ಐಡರ್‌ಡೌನ್’ ಎನ್ನುತ್ತಿದ್ದರು. ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ ಇದ್ದ ಹಾಗೆ ಇದೂ ಯಾವುದೋ ಊರಿನ ಹೆಸರಿರಬೇಕು ಎಂದು ನಾನು ತಿಳಿದುಕೊಂಡಿದ್ದೆ. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿಗೆ ಬಂದು ಒಂಬತ್ತು ವರ್ಷವಾದರೂ ಯಾರನ್ನೂ ಕೇಳಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದೆಂದರೆ ನನಗೆ ಮೊದಲಿನಿಂದಲೂ ಆಗದು.

ಎಂಬತ್ತಾರರ ಡೊರೀನ್ ಸೋಮವಾರ ಕೇರ್ ಹೋಮಿಗೆ ಹೋಗುವವರಿದ್ದರು. ಮನೆಯಿಂದ ಹೊದಿಕೆ ತರುವುದಾದರೆ ಅದರಲ್ಲಿ ಕಲೆ, ವಾಸನೆ ಏನೂ ಇರಕೂಡದು ಎಂದು ಅಲ್ಲಿಯ ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿದ್ದರು. ಡ್ರೈ ಕ್ಲೀನರ್‌ಗಳು, ಬಟ್ಟೆ ಜೀರ್ಣವಾಗಿದೆ ಎಂದು ಮುಟ್ಟಲೇ ಇಲ್ಲ. “ನಾನು ಹುಟ್ಟಿದ್ದು ಅದರ ಕೆಳಗೆ, ಶ್ರೀ. ಹೋಗುವುದೂ ಅದರ ಕೆಳಗೇ ಆಗಬೇಕು,” ಎಂದರು ಡೊರೀನ್, ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ. ನಾನೇ ಒಗೆದು ಕೊಡುತ್ತೇನೆ ಎಂದೆ.

ಅವರು ವಿಧಾನ ಹೇಳತೊಡಗಿದರು: ಉಗುರುಬೆಚ್ಚಗಿನ ನೀರು, ಉಣ್ಣೆಗೆ ಹಾಕುವ ಸೋಪು, ಹಿಂಡಬಾರದು... ನಾನು ಅರ್ಧಕ್ಕೇ ತಲೆಯಾಡಿಸಿ ಎದ್ದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಹಾಸಿಗೆ ಹೊದಿಕೆಯ ವಿಷಯ ಯಾರಾದರೂ ಹೇಳಿಕೊಡಬೇಕೆ?

ಗುರುವಾರ ರಜೆ ಹಾಕಿ ರಜಾಯಿಯನ್ನು ಟಬ್ಬಿನಲ್ಲಿ ನೆನೆಸಿ ತುಳಿದೆ, ನೀರು ತಿಳಿಯಾಗುವವರೆಗೂ ಜಾಲಿಸಿದೆ. ಏನೋ ಒಂದು ಥರದ ವಾಸನೆ ಬಂತು. ಹಳೆಯ ಹತ್ತಿ, ಇನ್ನೇನು ಎಂದುಕೊಂಡೆ. ಹೊರಗೆ ಒಳ್ಳೆಯ ಬಿಸಿಲಿತ್ತು. ಹಿತ್ತಲಿನ ಹಗ್ಗದ ಮೇಲೆ ಹಾಕಿ, ಗಂಟುಗಟ್ಟಿದ ಹತ್ತಿ ಬಿಡಿಸಿಕೊಳ್ಳಲೆಂದು ಊರಿನಲ್ಲಿ ಮಾಡುವ ಹಾಗೆ ಕೋಲು ತೆಗೆದುಕೊಂಡು ಬಾರಿಸಿದೆ. ಐದನೆಯ ಏಟಿಗೆ ಬಟ್ಟೆ ಪರ್ರೆಂದು ಹರಿಯಿತು.

ಹುಲ್ಲಿನ ಮೇಲೆ ಬಿದ್ದದ್ದು ಹತ್ತಿಯಲ್ಲ, ಒದ್ದೆ ಪುಕ್ಕ. ಫೋನ್ ತೆಗೆದು ನೋಡಿದೆ. ಐಡರ್ ಎನ್ನುವುದು ಊರಲ್ಲ, ಒಂದು ಜಾತಿಯ ಬಾತುಕೋಳಿ. ಡೌನ್ ಎಂದರೆ ಅದರ ಎದೆಯ ಮೆತ್ತನೆಯ ಪುಕ್ಕ.

ಅಷ್ಟರಲ್ಲಿ ಅತ್ತೆ ಪುಟ್ಟಲಕ್ಷ್ಮಿ ಹೊರಗೆ ಬಂದರು. ಆರು ತಿಂಗಳ ವೀಸಾದಲ್ಲಿ ಬಂದಿರುವ ಅತ್ತೆ, ಮೊಟ್ಟೆ ಹಾಕಿದ ಕೇಕ್ ಇಟ್ಟ ತಟ್ಟೆಯನ್ನೂ ಮುಟ್ಟುವವರಲ್ಲ. ಮಾರ್ಚಿನಲ್ಲಿ ಮನೆ ಬೆಚ್ಚಗಿಡುವ ನಮ್ಮ ಬಾಯ್ಲರ್ ಕೆಟ್ಟಾಗ ಡೊರೀನ್ ಕೊಟ್ಟ ಇದೇ ರಜಾಯಿಯನ್ನು ಹೊದ್ದು, ‘ಎಂಥಾ ಹತ್ತಿ’ ಎಂದು ಹೊಗಳುತ್ತಾ ಒಂದು ವಾರ ಮಲಗಿದ್ದರು.

“ಏನೇ ಅದು?”

“ಬಾತುಕೋಳಿ ಪುಕ್ಕ ಅತ್ತೆ.”

“ನಾನು ಹೊದ್ಕೊಂಡಿದ್ದು?”

“ಇದೇ.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ರೇಗಿತು. ತಪ್ಪು ನನ್ನದು, ಕೂಗಾಡಿದ್ದು ಅವರ ಮೇಲೆ. “ಬಯ್ಯೋದಾದ್ರೆ ಆಮೇಲೆ ಬಯ್ಯಿರಿ! ಸೋಮವಾರ ಅವ್ರು ಹೋಗ್ತಾರೆ. ಇದ್ರ ಕೆಳಗೇ ಸಾಯ್ಬೇಕು ಅಂತಿದಾರೆ, ನಾನು ಹರಿದು ಹಾಕಿದೀನಿ!” ಎಂದು ಅಲ್ಲೇ ಕುಳಿತು ಅತ್ತುಬಿಟ್ಟೆ.

ಅತ್ತೆ ಒಳಗೆ ಹೋದರು. ಸ್ನಾನಕ್ಕೇ ಹೋಗಿರಬೇಕು ಎಂದುಕೊಂಡೆ. ಆದರೆ ಅವರು ದಿಂಬಿನ ಚೀಲ ಹಿಡಿದು ವಾಪಸು ಬಂದು, ಹುಲ್ಲಿನ ಮೇಲೆ ಮಂಡಿಯೂರಿ, ಪುಕ್ಕದ ಒಂದೊಂದೇ ಮುದ್ದೆಯನ್ನು ಹೆಕ್ಕಿ ತುಂಬತೊಡಗಿದರು.

“ಹೊಸದ್ರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಹೇಳಿದ್ದು ಕೇಳೋಕೆ ನಿಂಗೇನು ರೋಗ?”

“ಅತ್ತೆ, ನಿಮ್ಮ ಮಡಿ...”

“ಆ ಬಾತುಕೋಳಿ ಸತ್ತು ಎಂಬತ್ತು ವರ್ಷದ ಮೇಲಾಯ್ತು. ಆಯಮ್ಮ ಇನ್ನೂ ಬದುಕಿದಾರೆ. ಹೆಕ್ಕು.”

ಪುಕ್ಕ ಹತ್ತಿಯಂತಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗಿನ ಗಂಟು ಒದ್ದೆಯಾಗಿಯೇ ಇರುತ್ತದೆ, ಹಾಗೇ ಬಿಟ್ಟರೆ ಮುಗ್ಗಲು ಹಿಡಿಯುತ್ತದೆ. ಮೂರು ದಿನ ರಜಾಯಿಯನ್ನು ಊಟದ ಮೇಜಿನ ಮೇಲೆ ಹರಡಿ, ಬಟ್ಟೆಯ ಮೇಲಿನಿಂದಲೇ ಗಂಟುಗಳನ್ನು ಬೆರಳಿನಿಂದ ಬಿಡಿಸಿದೆವು. ಹೆಕ್ಕಿದ್ದನ್ನೆಲ್ಲ ಒಣಗಿಸಿ ಮತ್ತೆ ತುಂಬಿದೆವು. ಹರಿದ ಕಡೆ ಅತ್ತೆ ಒತ್ತಾದ ನೇಯ್ಗೆಯ ಬಟ್ಟೆಯ ತೇಪೆ ಹಾಕಿದರು. ಪುಕ್ಕ ನುಸುಳದಿರಲಿ ಎಂದು ತೇಪೆಯ ಒಳಮೈಗೆ ಸಾಬೂನು ತಿಕ್ಕಿದರು. “ಆಯಮ್ಮನಿಗೆ ಹೇಳ್ಬೇಡ, ನೊಂದ್ಕೋತಾರೆ,” ಎಂದರು. ಹೇಡಿಯಾದ ನನಗೂ ಅದೇ ಬೇಕಿತ್ತು.

ಸೋಮವಾರ ಕೇರ್ ಹೋಮಿನ ಮ್ಯಾನೇಜರ್ ರಜಾಯಿಯನ್ನು ಮೂಸಿ ನೋಡಿ ಆಗಬಹುದು ಎಂದರು. ಹಾಸಿಗೆಯಲ್ಲಿ ಒರಗಿದ್ದ ಡೊರೀನ್‌ಗೆ ಹೊದಿಸಿದೆವು. ಅವರ ಬೆರಳುಗಳು ಹೊಲಿಗೆಯ ಗುಂಟ ನಿಧಾನವಾಗಿ ಸರಿದು ತೇಪೆಯ ಮೇಲೆ ನಿಂತವು.

“ಇದು ನನ್ನ ಅಮ್ಮನ ಹೊಲಿಗೆಯಲ್ಲ,” ಎಂದರು. ನಾನು ಬಾಯಿ ತೆರೆಯುವ ಮೊದಲೇ, “ಮಹಡಿಯ ಕಿಟಕಿಯಿಂದ ನೋಡಿದೆ, ಶ್ರೀ. ಗಾಜು ಬಡಿದೆ. ನಿನಗೆ ಕೇಳಿಸಲಿಲ್ಲ.”

ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. “ಆವತ್ತೇ ಯಾಕೆ ಬಯ್ಯಲಿಲ್ಲ?” ಎಂದೆ.

“ಬಯ್ಯಲೆಂದೇ ಮೆಟ್ಟಿಲಿಳಿದು ಬಂದೆ. ಅಷ್ಟರಲ್ಲಿ ನಿನ್ನ ಅತ್ತೆ ಹುಲ್ಲಿನ ಮೇಲೆ ಮಂಡಿಯೂರಿದ್ದರು. ಅಮ್ಮ ಹೋದ ಮೇಲೆ ನನ್ನ ಯಾವ ವಸ್ತುವಿಗೂ ಯಾರೂ ಮಂಡಿಯೂರಿರಲಿಲ್ಲ.” ಆಮೇಲೆ ಅತ್ತೆಯ ಕೈ ಹಿಡಿದು, “ನಾನು ಹೋದ ಮೇಲೆ ಇದು ಇವರಿಗೆ ಸೇರಬೇಕು, ಹೇಳು,” ಎಂದರು.

ಹೇಳಿದೆ. ಅತ್ತೆ ರಜಾಯಿಯನ್ನು ಡೊರೀನ್‌ರ ಗದ್ದದವರೆಗೂ ಎಳೆದು ಹೊದಿಸಿದರು.

“ಹೋಗೋ ಮಾತು ಬೇಡ ಅನ್ನು. ಅವ್ರು ಹೋದ್ರೆ ನಮ್ಗೂ ಸೂತಕ.”

ಸೂತಕಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ನನಗೆ ಗೊತ್ತಿರಲಿಲ್ಲ. “ನೀವು ನಮ್ಮ ಮನೆಯವರು ಅನ್ನುತ್ತಿದ್ದಾರೆ,” ಎಂದೆ.